ದ್ರಾಕ್ಷಿ ಬೀಳುವ ಹೊತ್ತು

ಬ್ರೆಡ್ ಮಾಡುವ ಯಂತ್ರ ನಮ್ಮ ಮನೆಗೆ ಬಂದದ್ದು ಚಿಕ್ಕಮ್ಮನ ಸೂಟ್‌ಕೇಸಿನಲ್ಲಿ. ಅಮೆರಿಕದಲ್ಲಿ ಮಗಳ ಬಾಣಂತನ ಮುಗಿಸಿ ಹೊರಟಾಗ ಮಗಳೇ ಕಟ್ಟಿ ಕಳಿಸಿದ್ದಳು. ಅಲ್ಲಿನ ವಿದ್ಯುತ್ತು 120 ವೋಲ್ಟ್, ಇಲ್ಲಿನದು 230. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಒಂದನ್ನು ತಂದದ್ದಾಯಿತು. ಹಿಟ್ಟು, ನೀರು, ಉಪ್ಪು, ಸಕ್ಕರೆ, ಯೀಸ್ಟ್ ಹಾಕಿ ಗುಂಡಿ ಒತ್ತಿದರೆ ಸರಿ, ಯಂತ್ರವೇ ನಾದುತ್ತದೆ, ಹುದುಗು ಬರಿಸುತ್ತದೆ, ಬೇಯಿಸುತ್ತದೆ. ಮೂರೂವರೆ ಗಂಟೆಯಲ್ಲಿ ಬಿಸಿಬಿಸಿ ಬ್ರೆಡ್ಡು.

ಮೊದಲ ದಿನ ಎಲ್ಲ ಚೆನ್ನಾಗಿ ನಡೆಯಿತು. ಎರಡನೆಯ ದಿನ ನನಗೆ ಆಸೆ ಹೆಚ್ಚಿತು. ಒಂದು ಹಿಡಿ ಒಣದ್ರಾಕ್ಷಿ, ಒಂದು ಹಿಡಿ ಅಕ್ರೋಟು, ಒಂದು ಚಮಚ ದಾಲ್ಚಿನ್ನಿ ಪುಡಿ - ಎಲ್ಲವನ್ನೂ ಹಿಟ್ಟಿನ ಜೊತೆ ಮೊದಲಿಗೇ ಸುರಿದು ಗುಂಡಿ ಒತ್ತಿದೆ. ಹೊರಬಂದದ್ದು ಅರ್ಧ ಮಾತ್ರ ಉಬ್ಬಿದ, ನೇರಳೆ ಮಿಶ್ರಿತ ಕಂದು ಬಣ್ಣದ ಒಂದು ಗಟ್ಟಿ ಮುದ್ದೆ. ಕೊಯ್ದು ನೋಡಿದರೆ ದ್ರಾಕ್ಷಿಯ ಸುಳಿವೇ ಇಲ್ಲ. ಚಿಕ್ಕಮ್ಮ ನಗಲಿಲ್ಲ. "ಕೇಸರಿಬಾತಿಗೆ ಗೋಡಂಬಿ ಯಾವಾಗ ಹಾಕ್ತಾರೋ? ಮೊದಲೇ ಹಾಕಿ ರವೆ ಜೊತೆ ಬೇಯಿಸ್ತಾರಾ?" ಎಂದಷ್ಟೇ ಕೇಳಿದರು.

ಆಮೇಲೆ ಕೈಪಿಡಿ ತೆರೆದು ನೋಡಿದೆ. ನಾದುವ ಕೆಲಸ ಮುಗಿಯಲು ಕೆಲವೇ ನಿಮಿಷ ಇರುವಾಗ ಯಂತ್ರ 'ಪೀ... ಪೀ...' ಎಂದು ಕೂಗುತ್ತದಂತೆ. ಹಣ್ಣು, ಬೀಜಗಳನ್ನು ಹಾಕಬೇಕಾದದ್ದು ಆಗ. ಇಷ್ಟು ಸಣ್ಣ ಸದ್ದಿಗೆ ಏನು ಮಹತ್ವ ಎಂದು ಹುಡುಕುತ್ತಾ ಹೋದರೆ, ಅದರ ಹಿಂದೆ ಎರಡು ಸಾವಿರ ವರ್ಷಗಳ ಕಥೆಯೇ ಇದೆ. ಅದರಲ್ಲಿ ರೋಮಿನ ಪಂಡಿತರಿದ್ದಾರೆ, ಪೋಪ್ ಇದ್ದಾರೆ, ಇಂಗ್ಲೆಂಡಿನ ರಾಣಿಯ ಅಧಿಕಾರಿಗಳಿದ್ದಾರೆ, ಒಸಾಕಾ ನಗರದ ಒಬ್ಬ ಹೆಣ್ಣುಮಗಳೂ ಇದ್ದಾಳೆ.

ಕೊನೆಗೇ ಏಕೆ?

ಮೊದಲು ಕಾರಣ ತಿಳಿಯೋಣ. ಗೋಧಿ ಹಿಟ್ಟಿಗೆ ನೀರು ಬಿದ್ದಾಗ ಅದರೊಳಗಿನ ಎರಡು ಬಗೆಯ ಪ್ರೋಟೀನುಗಳು ಸೇರಿ ಗ್ಲುಟೆನ್ ಎಂಬ ಜಿಗುಟು ವಸ್ತುವಾಗುತ್ತದೆ. ನಾದಿದಷ್ಟೂ ಅದು ಎಳೆಎಳೆಯಾಗಿ, ಬಲೆಯಾಗಿ ಹೆಣೆದುಕೊಳ್ಳುತ್ತದೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಈ ಬಲೆಯಲ್ಲಿ ಸಿಕ್ಕಿಕೊಂಡಾಗಲೇ ಬ್ರೆಡ್ಡು ಉಬ್ಬುವುದು. ಬಲೆ ಹೆಣೆಯುವ ಹೊತ್ತಿನಲ್ಲಿಯೇ ಅಕ್ರೋಟಿನ ಚೂಪು ಚೂರುಗಳು ನಡುವೆ ಬಂದರೆ ಎಳೆಗಳು ಹರಿಯುತ್ತವೆ. ಇತ್ತ ಯಂತ್ರದ ಅಲಗು ತಿರುತಿರುಗಿ ದ್ರಾಕ್ಷಿಯನ್ನು ಅರೆದುಬಿಡುತ್ತದೆ. ಅದರ ಸಕ್ಕರೆಯೆಲ್ಲ ಹಿಟ್ಟಿಗೆ ಇಳಿಯುತ್ತದೆ. ಸಕ್ಕರೆ ಮಿತಿಮೀರಿದರೆ ಅದು ನೀರನ್ನು ತನ್ನತ್ತ ಎಳೆದುಕೊಂಡು ಯೀಸ್ಟನ್ನು ಸೊರಗಿಸುತ್ತದೆ. ಅಕ್ರೋಟಿನ ಸಿಪ್ಪೆಯ ಒಗರು ಹಿಟ್ಟಿಗೆ ನೇರಳೆ ಬಣ್ಣ ಹಚ್ಚುತ್ತದೆ. ದಾಲ್ಚಿನ್ನಿಯೂ ಅಷ್ಟೆ, ಹೆಚ್ಚಾದರೆ ಯೀಸ್ಟಿಗೆ ಶತ್ರು. ನನ್ನ ಬ್ರೆಡ್ಡು ಕಲ್ಲಾಗಲು ಒಂದಲ್ಲ, ನಾಲ್ಕು ಕಾರಣಗಳಿದ್ದವು.

ಹಸಿ ಹಣ್ಣಿನ ತೊಂದರೆ ಇನ್ನೊಂದು ಬಗೆಯದು. ಹಸಿ ಅನಾನಸ್, ಪರಂಗಿಕಾಯಿ, ಅಂಜೂರಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಮಾಂಸ ಬೇಗ ಬೇಯಲಿ ಎಂದು ಪರಂಗಿಕಾಯಿ ಹಚ್ಚುತ್ತಾರಲ್ಲ, ಅದೇ ಗುಣ. ಮಾಂಸವನ್ನು ಮೆತ್ತಗಾಗಿಸುವ ಕಿಣ್ವ ಗ್ಲುಟೆನನ್ನೂ ಬಿಡುವುದಿಲ್ಲ. ಬೇಯಿಸಿದರೆ ಮಾತ್ರ ಅದರ ಆಟ ಮುಗಿಯುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಹಾಗೆಂದು ಹಣ್ಣನ್ನು ತೀರ ತಡವಾಗಿಯೂ ಹಾಕುವಂತಿಲ್ಲ. ನಾದುವಿಕೆ ನಿಂತ ಮೇಲೆ ಹಾಕಿದರೆ ಅದು ಮೇಲ್ಮೈಯಲ್ಲೇ ಉಳಿದು ಸೀದುಹೋಗುತ್ತದೆ. ಬಲೆ ಹೆಣೆದಾಗಿರಬೇಕು, ಆದರೆ ಹಣ್ಣು ಹರಡಿಕೊಳ್ಳುವಷ್ಟು ತಿರುಗಾಟ ಇನ್ನೂ ಬಾಕಿ ಇರಬೇಕು. ನಮ್ಮ ಅಡುಗೆಯವರು ಇಂಥ ಹೊತ್ತನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ - ಹದ.

ಒಂಬತ್ತು ದಿನದ ನೆನೆ

ರೊಟ್ಟಿಗೆ ದ್ರಾಕ್ಷಿ ಸೇರಿಸುವ ಹವ್ಯಾಸ ಹೊಸದಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮನ್ ಪಂಡಿತ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ ಹದಿನೆಂಟನೆಯ ಭಾಗದಲ್ಲಿ ಪಿಕೇನಮ್ ಎಂಬ ಸೀಮೆಯ ರೊಟ್ಟಿಯ ವಿಷಯ ಹೇಳಿದ್ದಾನೆ. ಕುಟ್ಟಿದ ಧಾನ್ಯವನ್ನು ಒಂಬತ್ತು ದಿನ ನೆನೆಹಾಕಿ, ಹತ್ತನೆಯ ದಿನ ಒಣದ್ರಾಕ್ಷಿಯ ರಸದಲ್ಲಿ ನಾದುತ್ತಿದ್ದರು. ಮಡಕೆಗಳಲ್ಲಿ ತುಂಬಿ ಒಲೆಯಲ್ಲಿಟ್ಟರೆ ಮಡಕೆ ಒಡೆಯುವವರೆಗೂ ಬೇಯುತ್ತಿತ್ತು. ಆ ರೊಟ್ಟಿ ಎಷ್ಟು ಗಟ್ಟಿ ಎಂದರೆ ಹಾಲಿನಲ್ಲೋ ಜೇನು ಬೆರೆಸಿದ ದ್ರಾಕ್ಷಾರಸದಲ್ಲೋ ನೆನೆಸದೆ ತಿನ್ನುವಂತಿರಲಿಲ್ಲ. ಗಮನಿಸಿ, ಇಲ್ಲಿ ದ್ರಾಕ್ಷಿ ಇಡಿಯಾಗಿ ಇಲ್ಲ, ರಸವಾಗಿದೆ. ಅದು ಸಿಹಿಯನ್ನು ಕೊಟ್ಟಿತು, ಉಬ್ಬನ್ನು ಕೊಡಲಿಲ್ಲ.

ಯುರೋಪಿನ ಉತ್ತರಕ್ಕೆ ಹೋದಂತೆ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಬಾದಾಮಿ ಎಲ್ಲವೂ ದೂರದಿಂದ ಬರಬೇಕಾದ ದುಬಾರಿ ಸರಕು. ಅದಕ್ಕೇ ಅಲ್ಲಿ ಹಣ್ಣಿನ ಬ್ರೆಡ್ಡು ದಿನನಿತ್ಯದ ತಿಂಡಿಯಾಗಲಿಲ್ಲ, ಹಬ್ಬದ ತಿಂಡಿಯಾಯಿತು. ಹಬ್ಬದ್ದಾದ ಮೇಲೆ ಅದರ ಮೇಲೆ ಮಠ ಮತ್ತು ದೊರೆತನ ಎರಡರ ಕಣ್ಣೂ ಬಿತ್ತು.

ಬೆಣ್ಣೆಗೆ ಪೋಪರ ಪತ್ರ

ಜರ್ಮನಿಯ ಡ್ರೆಸ್ಡೆನ್ ನಗರದ ಸ್ಟೋಲೆನ್ ಎಂಬ ಕ್ರಿಸ್‌ಮಸ್ ಬ್ರೆಡ್ಡು ಜಗತ್ಪ್ರಸಿದ್ಧ. ಅಲ್ಲಿಯ ಒಂದು ಆಸ್ಪತ್ರೆಯ 1474ರ ಲೆಕ್ಕಪತ್ರದಲ್ಲಿ ಅದರ ಹೆಸರು ಮೊದಲು ಕಾಣುತ್ತದೆ. ಆದರೆ ಅಂದಿನದು ಇಂದಿನ ಸವಿಯಾದ ತಿಂಡಿಯಲ್ಲ. ಕ್ರಿಸ್‌ಮಸ್‌ಗೆ ಮೊದಲಿನ ವಾರಗಳು ಉಪವಾಸದ ಕಾಲ. ಬೆಣ್ಣೆ, ಹಾಲು ನಿಷಿದ್ಧ. ಎಣ್ಣೆಯಲ್ಲಿ ಮಾಡಬೇಕು. ಇಟಲಿಯಲ್ಲಿ ಆಲಿವ್ ಎಣ್ಣೆ ಧಾರಾಳ, ಸ್ಯಾಕ್ಸನಿಯ ಚಳಿಯಲ್ಲಿ ಆಲಿವ್ ಮರವೇ ಇಲ್ಲ. ಬೆಣ್ಣೆಗೆ ಅನುಮತಿ ಕೊಡಿ ಎಂದು ಸ್ಯಾಕ್ಸನಿಯ ಆಳರಸರು ರೋಮಿಗೆ ಮೊರೆಯಿಟ್ಟರು. 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟ್ ಒಪ್ಪಿಗೆ ಕೊಟ್ಟರು. ಇತಿಹಾಸದಲ್ಲಿ ಅದಕ್ಕೆ 'ಬೆಣ್ಣೆಪತ್ರ' ಎಂದೇ ಹೆಸರು. ಒಪ್ಪಿಗೆ ಪುಕ್ಕಟೆಯಲ್ಲ, ಬೆಣ್ಣೆ ತಿನ್ನುವವರು ಪ್ರಾಯಶ್ಚಿತ್ತವಾಗಿ ಚರ್ಚ್ ಕಟ್ಟಡಗಳಿಗೆ ಹಣ ಕೊಡಬೇಕಿತ್ತು.

ಇದು ಜನರಿಗೆ ಹಿಡಿಸಿತೇ? 1520ರಲ್ಲಿ ಮಾರ್ಟಿನ್ ಲೂಥರ್ ಜರ್ಮನಿಯ ಶ್ರೀಮಂತ ವರ್ಗಕ್ಕೆ ಬರೆದ ಪ್ರಸಿದ್ಧ ಹೊತ್ತಗೆಯಲ್ಲಿ ಇದನ್ನೂ ಎತ್ತಿ ಆಡಿದ್ದಾನೆ. ರೋಮಿನವರು ತಾವು ಜೋಡಿಗೂ ಹಚ್ಚದ ಎಣ್ಣೆಯನ್ನು ನಮಗೆ ತಿನ್ನಿಸಿ, ಆಮೇಲೆ ಬೆಣ್ಣೆ ತಿನ್ನುವ ಸ್ವಾತಂತ್ರ್ಯವನ್ನು ನಮಗೇ ಮಾರುತ್ತಾರೆ ಎಂಬುದು ಅವನ ಸಿಟ್ಟಿನ ಸಾರಾಂಶ. ಮುಂದೆ ಯುರೋಪನ್ನೇ ಇಬ್ಭಾಗ ಮಾಡಿದ ಜಗಳದಲ್ಲಿ ಒಂದು ಉಂಡೆ ಬೆಣ್ಣೆಯ ಪಾಲೂ ಇತ್ತು ಎನ್ನಬಹುದು.

ಇಂದು ಡ್ರೆಸ್ಡೆನ್ನಿನ ಸ್ಟೋಲೆನ್ ಎಂದು ಕರೆಸಿಕೊಳ್ಳಬೇಕಾದರೆ ನೂರು ಕಿಲೋ ಹಿಟ್ಟಿಗೆ ಕನಿಷ್ಠ 50 ಕಿಲೋ ಬೆಣ್ಣೆ, 65 ಕಿಲೋ ಒಣದ್ರಾಕ್ಷಿ ಇರಲೇಬೇಕು. ಇಷ್ಟು ಭಾರ ಹೊತ್ತ ಹಿಟ್ಟು ಎತ್ತರಕ್ಕೆ ಏಳುವುದಾದರೂ ಹೇಗೆ? ಏಳುವುದಿಲ್ಲ. ಅದಕ್ಕೇ ಸ್ಟೋಲೆನ್ ಚಪ್ಪಟೆ, ಒತ್ತಾದ ಬ್ರೆಡ್ಡು. ಅಲ್ಲಿನ ಬೇಕರಿಯವರು ದ್ರಾಕ್ಷಿಯನ್ನು ಹಿಂದಿನ ದಿನವೇ ರಮ್ಮಿನಲ್ಲಿ ನೆನೆಸಿ, ಹಿಟ್ಟು ನಾದಿ ಸಿದ್ಧವಾದ ಮೇಲೆ ಕಟ್ಟಕಡೆಗೆ ಸೇರಿಸುತ್ತಾರೆ. ಮತ್ತೆ ಅದೇ ನಿಯಮ.

ಇಂಗ್ಲೆಂಡಿನಲ್ಲಿ ಅಡ್ಡಿ ಬಂದದ್ದು ಸರ್ಕಾರದಿಂದ. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1592ರಲ್ಲಿ, ಲಂಡನ್ನಿನ ಮಾರುಕಟ್ಟೆಗಳ ಅಧಿಕಾರಿ ಒಂದು ಆಜ್ಞೆ ಹೊರಡಿಸಿದ. ಮಸಾಲೆ ಸೇರಿದ ಬನ್ನು, ಕೇಕುಗಳನ್ನು ಬೇಕರಿಯವರು ಶವಸಂಸ್ಕಾರ, ಈಸ್ಟರ್ ಹಿಂದಿನ ಶುಕ್ರವಾರ ಮತ್ತು ಕ್ರಿಸ್‌ಮಸ್ ಬಿಟ್ಟು ಬೇರೆ ದಿನ ಮಾರಕೂಡದು. ಮಾರಿದರೆ ಸರಕೆಲ್ಲ ಬಡವರ ಪಾಲು. ಮನೆಯಲ್ಲಿ ಮಾಡಿಕೊಂಡರೆ ಕೇಳುವವರಾರು? ಆದರೆ ಆ ಕಾಲದಲ್ಲಿ ಮನೆಯಲ್ಲಿ ಒಲೆಗೂಡು ಇದ್ದವರು ಕಡಿಮೆ. ಹಣ್ಣಿನ ಬನ್ನು ಬಡವರ ಕೈಗೆ ಸಿಗುತ್ತಿದ್ದದ್ದು ವರ್ಷಕ್ಕೆ ಎರಡು ಮೂರು ಸಲ, ಇಲ್ಲವೇ ಯಾರಾದರೂ ಸತ್ತಾಗ. ಗುಡ್ ಫ್ರೈಡೇ ದಿನ ಇಂದಿಗೂ ಮಾರಾಟವಾಗುವ ಶಿಲುಬೆ ಗುರುತಿನ ಬನ್ನು ಆ ಕಟ್ಟಳೆಯ ನೆನಪನ್ನು ಹೊತ್ತುಕೊಂಡೇ ಬಂದಿದೆ.

ಈ ಸರಣಿಯ ಕೊನೆಯ ಹೆಸರು ಇಟಲಿಯ ಮಿಲಾನಿನ ಪನೆತ್ತೋನೆ. 1919ರಲ್ಲಿ ಅಲ್ಲಿ ಬೇಕರಿ ತೆರೆದ ಆಂಜೆಲೊ ಮೋಟ್ಟ ಕಾಗದದ ಪಟ್ಟಿಯ ಆಸರೆ ಕೊಟ್ಟು ಅದನ್ನು ಗೋಪುರದಂತೆ ಎತ್ತರಕ್ಕೆ ಬೆಳೆಸಿದ, ಕಾರ್ಖಾನೆಯ ಸರಕಾಗಿಸಿದ. ಎರಡು ಹಂತಗಳಲ್ಲಿ ಹಿಟ್ಟು ನಾದಿ, ಎರಡನೆಯ ಹಂತದ ಕೊನೆಗೆ ದ್ರಾಕ್ಷಿ, ಕಿತ್ತಳೆ ಸಿಪ್ಪೆ ಬೀಳುತ್ತದೆ. ಬೆಂದ ಮೇಲೆ ಕುಸಿಯದಿರಲೆಂದು ಬ್ರೆಡ್ಡನ್ನು ತಲೆಕೆಳಗಾಗಿ ತೂಗುಹಾಕುತ್ತಾರೆ. ಹಣ್ಣಿನ ಪ್ರಮಾಣ ಶೇಕಡಾ 20ಕ್ಕೆ ಕಡಿಮೆಯಾಗಬಾರದೆಂದು 2005ರಲ್ಲಿ ಇಟಲಿ ಸರ್ಕಾರ ಕಟ್ಟಳೆಯನ್ನೇ ಮಾಡಿತು. ಒಂದು ಕಾಲದಲ್ಲಿ ಹಣ್ಣು ಹಾಕಬೇಡಿ ಎಂದು ಆಜ್ಞೆ, ಈಗ ಇಷ್ಟು ಹಾಕಲೇಬೇಕು ಎಂದು ಆಜ್ಞೆ!

ಒಸಾಕಾದ ಶಿಷ್ಯೆ

ಇನ್ನು ಯಂತ್ರದ ಕಥೆ. ಮನೆಯ ಬ್ರೆಡ್ ಯಂತ್ರ ಹುಟ್ಟಿದ್ದು ಬ್ರೆಡ್ಡಿನ ತವರಾದ ಯುರೋಪಿನಲ್ಲಲ್ಲ, ಅನ್ನ ಉಣ್ಣುವ ಜಪಾನಿನಲ್ಲಿ ಎಂಬುದೇ ವಿಶೇಷ. ಜಪಾನಿಗೆ ಬ್ರೆಡ್ಡನ್ನು ಒಯ್ದವರು ಹದಿನಾರನೆಯ ಶತಮಾನದ ಪೋರ್ಚುಗೀಸರು. ಜಪಾನಿಗರು ಇಂದಿಗೂ ಬ್ರೆಡ್ಡಿಗೆ 'ಪಾನ್' ಎನ್ನುತ್ತಾರೆ, ಅದು ಪೋರ್ಚುಗೀಸ್ ಮಾತು. ಟೋಕಿಯೊದ ಯಾಸುಬೇ ಕಿಮುರಾ ಎಂಬಾತ 1874ರಲ್ಲಿ ಯೀಸ್ಟಿನ ಬದಲು ಅಕ್ಕಿಮದ್ಯದ ಹುದುಗು ಬಳಸಿ, ಒಳಗೆ ಸಿಹಿ ಕಾಳಿನ ಹೂರಣ ತುಂಬಿ 'ಅನ್‌ಪಾನ್' ಮಾಡಿದ. ಒಂದು ಬಗೆಯಲ್ಲಿ ಅದು ನಮ್ಮ ಹೋಳಿಗೆಯ ದೂರದ ನೆಂಟ. ಮರುವರ್ಷ ಏಪ್ರಿಲ್ 4ರಂದು ಉಪ್ಪಿನಲ್ಲಿಟ್ಟ ಚೆರ್ರಿ ಹೂವನ್ನು ಮೇಲಿಟ್ಟು ಅದನ್ನು ಮೇಜಿ ಚಕ್ರವರ್ತಿಗೆ ಒಪ್ಪಿಸಲಾಯಿತು. ಎರಡನೆಯ ಮಹಾಯುದ್ಧದ ನಂತರ ಶಾಲೆಗಳ ಮಧ್ಯಾಹ್ನದ ಊಟದಲ್ಲಿ ಬ್ರೆಡ್ಡು ಸೇರಿದ ಮೇಲೆ ಒಂದು ಇಡೀ ತಲೆಮಾರಿಗೆ ಅದರ ರುಚಿ ಹತ್ತಿತು.

1984ರಲ್ಲಿ ಒಸಾಕಾದ ಮತ್ಸುಷಿತಾ ಎಲೆಕ್ಟ್ರಿಕ್ ಕಂಪನಿ ತನ್ನ ಮೂರು ವಿಭಾಗಗಳನ್ನು ಒಂದುಗೂಡಿಸಿತು. ಒಂದು ಅನ್ನ ಮಾಡುವ ಕುಕ್ಕರಿನದು, ಒಂದು ಟೋಸ್ಟರ್, ಕಾಫಿ ಯಂತ್ರಗಳದು, ಇನ್ನೊಂದು ಮೋಟಾರಿನ ಸಾಧನಗಳದು. ಮೂರನ್ನೂ ಸೇರಿಸಿ ಏನು ಮಾಡಬಹುದು? ಕುಕ್ಕರಿನ ಕಂಪ್ಯೂಟರ್ ಹಿಡಿತ, ಟೋಸ್ಟರಿನ ಕಾವು, ಮೋಟಾರಿನ ತಿರುಗು - ಮೂರೂ ಬೇಕಾಗುವುದು ಬ್ರೆಡ್ಡಿಗೆ!

ಆದರೆ ಬ್ರೆಡ್ಡು ಸರಿಯಾಗಿ ಬರಲಿಲ್ಲ. ಹೊರಗೆ ಕರಿಕು, ಒಳಗೆ ಹಸಿ. ಯಂತ್ರ ನಾದಿದ ಹಿಟ್ಟು, ನುರಿತ ಬೇಕರಿಯವರು ನಾದಿದ ಹಿಟ್ಟು ಎರಡರ ಕ್ಷಕಿರಣ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರಂತೆ. ಗುಟ್ಟು ಬಯಲಾಗಲಿಲ್ಲ. ಆಗ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ತಜ್ಞೆ ಒಂದು ಸಲಹೆ ಕೊಟ್ಟಳು. ಊರಿನಲ್ಲೆಲ್ಲ ಒಳ್ಳೆಯ ಬ್ರೆಡ್ಡಿಗೆ ಹೆಸರಾದದ್ದು ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲು, ಅದರ ಮುಖ್ಯ ಬೇಕರಿಯವರ ಬಳಿಯೇ ಕಲಿತರಾಗದೇ? ಅವಳೇ ಹೋಗಿ ಶಿಷ್ಯೆಯಾದಳು. ಹಿಟ್ಟಿನಲ್ಲಿ ಕೈಯಿಟ್ಟು, ಎಷ್ಟೋ ಸಲ ಕೆಡಿಸಿ, ಕೊನೆಗೊಂದು ದಿನ ಗಮನಿಸಿದಳು - ಗುರು ಹಿಟ್ಟನ್ನು ಬರೀ ಎಳೆಯುತ್ತಿಲ್ಲ, ಎಳೆಯುತ್ತಲೇ ತಿರುಚುತ್ತಿದ್ದಾರೆ. ಅದನ್ನು ಅವರು ಬಾಯಲ್ಲಿ ಎಂದೂ ಹೇಳಿರಲಿಲ್ಲ. ಹೇಳಬೇಕಾದ ವಿಷಯವೆಂದು ಅವರಿಗೆ ಅನ್ನಿಸಿಯೂ ಇರಲಿಕ್ಕಿಲ್ಲ.

ಆ ತಿರುಚನ್ನು ಯಂತ್ರಕ್ಕೆ ಕಲಿಸಲು ಎಂಜಿನಿಯರುಗಳ ಜೊತೆ ಸುಮಾರು ಒಂದು ವರ್ಷದ ಹೆಣಗಾಟ ನಡೆಯಿತು. ಪಾತ್ರೆಯ ಒಳಗೋಡೆಗೆ ಸಣ್ಣ ಏಣುಗಳನ್ನು ಕೂರಿಸಿದರು. ಅಲಗು ತಿರುಗಿದಾಗ ಹಿಟ್ಟು ಏಣಿಗೆ ಸಿಕ್ಕಿ ಹಿಗ್ಗಿ ತಿರುಚಿಕೊಳ್ಳುತ್ತದೆ. 1987ರಲ್ಲಿ 'ಹೋಮ್ ಬೇಕರಿ' ಮಾರುಕಟ್ಟೆಗೆ ಬಂತು. ಮೊದಲ ವರ್ಷದಲ್ಲೇ ಹೊಸ ಅಡುಗೆ ಸಾಧನಗಳ ಮಾರಾಟದಲ್ಲಿ ದಾಖಲೆ ಮಾಡಿತು. 2008ರಲ್ಲಿ ಮತ್ಸುಷಿತಾ ತನ್ನ ಹೆಸರನ್ನೇ ಪ್ಯಾನಸಾನಿಕ್ ಎಂದು ಬದಲಿಸಿಕೊಂಡಿತು. ಜಪಾನಿನ ವಿದ್ವಾಂಸ ಇಕುಜಿರೊ ನೊನಾಕಾ 1991ರಲ್ಲಿ ಈ ಕಥೆಯನ್ನು ಒಂದು ಲೇಖನದಲ್ಲಿ ಹೇಳಿದ ಮೇಲೆ ಅದು ವ್ಯಾಪಾರ ಆಡಳಿತ ಕಲಿಸುವ ಶಾಲೆಗಳಲ್ಲೆಲ್ಲ ಪಾಠವಾಯಿತು. ಬಾಯಲ್ಲಿ ಹೇಳಲಾಗದ ಕೈಯ ಜ್ಞಾನವನ್ನು ಯಂತ್ರಕ್ಕೆ ಇಳಿಸಿದ್ದಕ್ಕೆ ಇದೇ ಉದಾಹರಣೆ ಎಂದರು.

ನಿಜಕ್ಕೂ ಇಳಿಯಿತೇ?

ಈ ಮಾತನ್ನು ಎಲ್ಲರೂ ಒಪ್ಪಿಲ್ಲ. ರೊಡ್ರಿಗೊ ರಿಬೈರೊ ಮತ್ತು ಹ್ಯಾರಿ ಕಾಲಿನ್ಸ್ ಎಂಬ ಇಬ್ಬರು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇರೆಯದೇ ವಾದ ಮಂಡಿಸಿದರು. ಬೇಕರಿಯವನ ಜ್ಞಾನವೆಲ್ಲ ಯಂತ್ರದೊಳಗೆ ಹೋಗಿಲ್ಲ, ಅವನ ಕೆಲಸದಲ್ಲಿ ಒಂದೇ ತೆರನಾಗಿ ಮಾಡಬಹುದಾದ ಚೂರು ಮಾತ್ರ ಹೋಗಿದೆ. ಉಳಿದದ್ದನ್ನು ಯಂತ್ರದ ಮುಂದೆ ನಿಂತ ಮನುಷ್ಯರೇ ತಮಗೆ ಗೊತ್ತಿಲ್ಲದೆ ತುಂಬಿಕೊಡುತ್ತಾರೆ ಎಂಬುದು ಅವರ ನಿಲುವು.

ಹಣ್ಣು, ಬೀಜದ ವಿಷಯದಲ್ಲಿ ಈ ವಾದ ಕಣ್ಣಿಗೆ ಕಾಣುವಷ್ಟು ನಿಜ. ಯಂತ್ರಕ್ಕೆ ಹಿಟ್ಟಿನ ಹದ ಗೊತ್ತಿಲ್ಲ, ಗೊತ್ತಿರುವುದು ಗಡಿಯಾರ ಮಾತ್ರ. ನಿಗದಿಯಾದ ನಿಮಿಷಕ್ಕೆ ಅದು ಕೂಗುತ್ತದೆ, ಅಷ್ಟೆ. ಕೇಳಿಸಿಕೊಂಡು ಎದ್ದು ಬಂದು ದ್ರಾಕ್ಷಿ ಹಾಕುವವರು ನಾವು. ದ್ರಾಕ್ಷಿಯನ್ನು ನೆನೆಸಿದ್ದರೆ ಬಟ್ಟೆಯಲ್ಲಿ ಒರೆಸಿ ನೀರು ತೆಗೆಯಬೇಕೆಂದು ಅದಕ್ಕೆ ತಿಳಿಯದು. ಮೇ ತಿಂಗಳ ಬಿಸಿಲಿಗೆ ಹಿಟ್ಟು ಬೇಗ ಹುಳಿಯುತ್ತದೆಂದೂ ತಾನಾಗಿ ಅರಿಯದು.

ಮನುಷ್ಯ ಯಂತ್ರದ ಮುಂದೆ ಕಾಯುವುದಾದರೆ ಯಂತ್ರವೇಕೆ ಎಂದು ಕೆಲವರಿಗೆ ಅನ್ನಿಸಿತು. ಮುಂದಿನ ಮಾದರಿಗಳಲ್ಲಿ ಮುಚ್ಚಳದೊಳಗೆ ಒಂದು ಪುಟ್ಟ ಪೆಟ್ಟಿಗೆ ಬಂತು. ಮೊದಲೇ ದ್ರಾಕ್ಷಿ, ಬಾದಾಮಿ ತುಂಬಿಟ್ಟರೆ ಸಮಯಕ್ಕೆ ಸರಿಯಾಗಿ ಅದರ ತಳ ತೆರೆದು ಎಲ್ಲ ಕೆಳಗೆ ಬೀಳುತ್ತದೆ. ರಾತ್ರಿ ತುಂಬಿಟ್ಟು ಮಲಗಿದರೆ ಬೆಳಗ್ಗೆ ಹಣ್ಣಿನ ಬ್ರೆಡ್ಡು. ಆದರೂ ಹಸಿ ಹಣ್ಣು, ಅಂಟಂಟಾದ ಖರ್ಜೂರ ಹಾಕಿದರೆ ಪೆಟ್ಟಿಗೆಗೇ ಕಚ್ಚಿಕೊಳ್ಳುತ್ತದೆ. ಯಾವುದನ್ನು ತುಂಬಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆ ಮತ್ತೆ ನಮ್ಮದೇ.

ಪರಂಗಿಕಾಯಿಯ ಜಾಣತನ

ನಮ್ಮಲ್ಲಿ ಈ ತಿಳಿವಳಿಕೆ ಎಲ್ಲಿದೆ? ಯಂತ್ರದಲ್ಲಲ್ಲ, ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯಲ್ಲಿ. ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದದ್ದು 1898ರಲ್ಲಿ. ಮುಂದೆ ಅದೇ ಸೀಮೆಯ ಎಷ್ಟೋ ಕುಟುಂಬಗಳು ಈ ಉದ್ಯೋಗ ಹಿಡಿದು ಊರೂರಿಗೆ ಹರಡಿದವು. ಮೊಟ್ಟೆ ಮುಟ್ಟದ ಮನೆಯವರು ಮೊಟ್ಟೆಯಿಲ್ಲದೆ ಬ್ರೆಡ್ಡು, ಬನ್ನು ಮಾಡಿ ಗೆದ್ದರು.

ಅಲ್ಲಿಯ ಸಿಹಿ ಬನ್ನು, ದಿಲ್‌ಪಸಂದ್‌ಗಳಲ್ಲಿ ಕೆಂಪು, ಹಸಿರು, ಹಳದಿ ಚೂರುಗಳು ಮಿನುಗುತ್ತವಲ್ಲ, ಆ ಟೂಟಿ ಫ್ರೂಟಿ ಯಾವ ಹಣ್ಣಿನದು? ಚೆರ್ರಿಯದಲ್ಲ. ಬಹುಪಾಲು ಪರಂಗಿಕಾಯಿಯದು. ದುಬಾರಿ ಹಣ್ಣಿಗೆ ಬದಲಾಗಿ ಹಿತ್ತಲಲ್ಲಿ ಬೆಳೆಯುವ ಕಾಯಿಯನ್ನು ಹೆಚ್ಚಿ, ಬೇಯಿಸಿ, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಕಟ್ಟಿ ಒಣಗಿಸುತ್ತಾರೆ. ಹಸಿ ಪರಂಗಿಕಾಯಿ ಬ್ರೆಡ್ಡಿನ ಶತ್ರು ಎಂದು ಮೊದಲೇ ಹೇಳಿದೆನಲ್ಲ? ಬೇಯಿಸಿದಾಗ ಕಿಣ್ವದ ಹಲ್ಲು ಉದುರುತ್ತದೆ, ಪಾಕ ಅದನ್ನು ಕೆಡದಂತೆ ಕಾಯುತ್ತದೆ. ಶತ್ರುವೇ ಒಡವೆಯಾಗುತ್ತದೆ. ಪೋಪರ ಪತ್ರವಿಲ್ಲ, ರಾಣಿಯ ಅಪ್ಪಣೆಯಿಲ್ಲ. ಕೂಲಿ ಮುಗಿಸಿ ಬಂದವರ ಮಕ್ಕಳಿಗೂ ಯಾವ ದಿನ ಬೇಕಾದರೂ ಹಣ್ಣಿನ ಬನ್ನು ಸಿಗುವಂತಾದದ್ದು ಹೀಗೆ.

ನಮ್ಮ ಬಡಾವಣೆಯ ಬೇಕರಿಯಲ್ಲಿ ನಲವತ್ತು ವರ್ಷದಿಂದ ಹಿಟ್ಟು ನಾದುತ್ತಿರುವ ಹಿರಿಯರನ್ನು ನನ್ನ ಕಲ್ಲುಬ್ರೆಡ್ಡಿನ ಪ್ರಸಂಗ ಹೇಳಿ ಕೇಳಿದೆ. "ಟೂಟಿ ಫ್ರೂಟಿ ಯಾವಾಗ ಹಾಕ್ತೀರಿ ಸ್ವಾಮಿ?" ಅವರು ಹಿಟ್ಟಿನ ಉಂಡೆಯಿಂದ ಒಂದು ಚೂರು ಕಿತ್ತು ಎರಡೂ ಕೈಯಲ್ಲಿ ಎಳೆದರು. ಅದು ಹರಿಯದೆ ತೆಳುವಾಗಿ, ಆಚೆಯ ಬೆಳಕು ಕಾಣುವಂತೆ ಹಿಗ್ಗಿತು. "ಹೀಗೆ ಬಂದಾಗ" ಎಂದರು. ಎಷ್ಟು ನಿಮಿಷಕ್ಕೆ ಹೀಗೆ ಬರುತ್ತದೆ ಎಂದೆ. "ಅದು ಆಯಾ ದಿನದ ಮೇಲೆ" ಎಂದು ಮತ್ತೆ ಕೆಲಸಕ್ಕೆ ತೊಡಗಿದರು. ಅವರ ಇಬ್ಬರು ಮಕ್ಕಳೂ ಬೇರೆ ಉದ್ಯೋಗದಲ್ಲಿದ್ದಾರೆ. ಒಸಾಕಾದ ಗುರುವಿಗೆ ಒಬ್ಬ ತನಾಕಾ ಸಿಕ್ಕಳು. ಇವರ ಕೈಯನ್ನು ಪಕ್ಕದಲ್ಲಿ ನಿಂತು ನೋಡುವವರು ಸದ್ಯಕ್ಕೆ ಯಾರೂ ಇಲ್ಲ.

ಮನೆಗೆ ಬಂದು ಮತ್ತೆ ಯಂತ್ರ ಹೂಡಿದೆ. ಈ ಸಲ ದ್ರಾಕ್ಷಿಯನ್ನು ತಟ್ಟೆಯಲ್ಲಿ ಕೈಗೆ ಸಿಗುವಂತೆ ಇಟ್ಟುಕೊಂಡಿದ್ದೆ. ಇನ್ನೂ ಕೂಗು ಬಂದಿರಲಿಲ್ಲ. ಚಿಕ್ಕಮ್ಮ ಮುಚ್ಚಳ ಎತ್ತಿ, ಹಿಟ್ಟನ್ನು ಬೆರಳಲ್ಲಿ ಒತ್ತಿ, "ಇನ್ನೆರಡು ನಿಮಿಷ ತಡಿ" ಎಂದರು. ಎರಡು ನಿಮಿಷಕ್ಕೆ ಸರಿಯಾಗಿ ಯಂತ್ರ ಕೂಗಿತು.